ನಾಲ್ಕು ಮಾರ್ಕಿನ ಕೊಸರು

ಆ ಮನೆಯಲ್ಲಿ ಕೊಸರಿನ ಜಗಳ ಹೊಸದಲ್ಲ. ಬೀದಿಯ ತಿರುವಿನಲ್ಲಿ ಅವರದೊಂದು ಹಣ್ಣಿನಂಗಡಿ. ಅಲ್ಲಿ ಅತ್ತೆ ಕೂತಿದ್ದರೆ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ ಒಂದು ದ್ರಾಕ್ಷಿಯೂ ಹೆಚ್ಚಿಗೆ ಬೀಳುವುದಿಲ್ಲ. ಮಾವ ಕೂತಿದ್ದರೆ ತೂಕ ಮುಗಿದ ಮೇಲೂ ಕೈ ಬುಟ್ಟಿಗೆ ಹೋಗುತ್ತದೆ, "ಇರಲಿ, ಕೊಸರು" ಎನ್ನುತ್ತ ಇನ್ನೊಂದು ಕಿತ್ತಳೆ ಗಿರಾಕಿಯ ಚೀಲ ಸೇರುತ್ತದೆ. ಬೀದಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. 'ತಕ್ಕಡಿಯಮ್ಮ' ಊಟಕ್ಕೆ ಮನೆಗೆ ಹೋಗುವವರೆಗೆ ಎದುರಿನ ಮರದ ಕೆಳಗೆ ಹರಟೆ ಹೊಡೆಯುತ್ತ ಕಾಯುವವರೂ ಇದ್ದಾರೆ.

"ನೀವು ಹಾಕಿದ ಕೊಸರೆಲ್ಲ ಕೂಡಿಸಿದ್ರೆ ಇನ್ನೊಂದು ಅಂಗಡಿ ಇಡಬಹುದಿತ್ತು" ಎಂದು ಅತ್ತೆ ಅಂದರೆ, "ಅಲ್ಲಿ ಕೂರೋಕೆ ಇನ್ನೊಬ್ಬ ಗಂಡನ್ನ ಎಲ್ಲಿಂದ ತರ್ತಿದ್ದೆ?" ಎಂದು ಮಾವ ಕೇಳುತ್ತಾರೆ. ಇದು ದಿನಾ ಇದ್ದದ್ದೇ.

ಆದರೆ ಈ ಸಲ ಕೊಸರಿನ ಮಾತು ಊಟದ ಹೊತ್ತಿಗೆ ಎದ್ದದ್ದು ಹಣ್ಣಿನಿಂದಲ್ಲ, ಸೊಸೆಯಿಂದ.

ಸೊಸೆ ಹಾಲಿನ ಡೈರಿಯ ಪರೀಕ್ಷಾ ಕೋಣೆಯಲ್ಲಿ ಸಹಾಯಕಿ. ಬೆಳಿಗ್ಗೆ ಕ್ಯಾನುಗಳು ಬಂದಿಳಿದ ಕೂಡಲೇ ಪ್ರತಿಯೊಂದರಿಂದ ಒಂದಿಷ್ಟು ಹಾಲು ತೆಗೆದು, ಜಿಡ್ಡೆಷ್ಟು, ನೀರು ಬೆರೆಸಿದ್ದಾರೋ, ಹುಳಿ ತಿರುಗಿದೆಯೋ ಎಂದು ನೋಡುವುದು ಅವಳ ಕೆಲಸ. ನೋಡುವವಳು ಅವಳು, ವರದಿಯ ಕೆಳಗೆ ಸಹಿ ಹಾಕುವವರು ಬೇರೆ. ಸಹಿ ಹಾಕಲು ಎಂ.ಎಸ್ಸಿ. ಆಗಿರಬೇಕು. ಮದುವೆಯಾದಾಗಿನಿಂದ ಅದೇ ಸ್ಟೂಲಿನ ಮೇಲೆ ಕೂತಿದ್ದಾಳೆ. ಅವಳಿಂದಲೇ ಕೆಲಸ ಕಲಿತವರು ಅವಳೆದುರಿಗೇ ಮೇಲಿನ ಕೋಣೆಗೆ ಹೋಗಿ ಕುರ್ಚಿ ಹಿಡಿದರು. ಈಗ ಊರಿನ ಕಾಲೇಜಿನಲ್ಲಿ, ಕೆಲಸದಲ್ಲಿರುವವರಿಗೆಂದೇ, ಮಧ್ಯಾಹ್ನದಿಂದ ಸಂಜೆಯವರೆಗೆ ನಡೆಯುವ ಆಹಾರ ವಿಜ್ಞಾನದ ಎಂ.ಎಸ್ಸಿ. ಶುರುವಾಗುವುದರಲ್ಲಿತ್ತು. ಸುದ್ದಿ ಕೇಳಿದ ದಿನದಿಂದ ಅವಳ ಕಾಲು ನೆಲದ ಮೇಲಿರಲಿಲ್ಲ.

"ಅರ್ಜಿ ಹಾಕ್ತೀನಿ" ಎಂದಳು, ಅನ್ನ ಬಡಿಸುತ್ತ.

"ಹಾಕು, ಹಾಕು!" ಎಂದ ಗಂಡ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿ ಏನಂದರೂ ಎರಡು ಸಲ ಹೂಂ ಅನ್ನುವ ಜಾತಿಯವನು.

"ಒಂದೇ ತೊಂದರೆ. ಡಿಗ್ರೀಲಿ ನೂರಕ್ಕೆ ಐವತ್ತೈದು ಇರಬೇಕಂತೆ. ನಂದು ಐವತ್ತೊಂದು."

ಅತ್ತೆ ತಟ್ಟೆಯಿಂದ ತಲೆ ಎತ್ತಿದರು. "ಅಂದ್ರೆ ಆಗಲ್ಲ."

"ಆಗಬಹುದು ಅತ್ತೆ. ಐದು ವರ್ಷದ ಮೇಲೆ ಕೆಲಸ ಮಾಡಿದವರದ್ದು ವಿಭಾಗದ ಮುಖ್ಯಸ್ಥರು ಬೇಕಿದ್ರೆ ಪರಿಶೀಲಿಸಬಹುದು ಅಂತಿದೆ."

"ನೋಡಿದ್ಯಾ!" ಮಾವ ತೊಡೆ ತಟ್ಟಿಕೊಂಡರು. "ಅದೇ ಕೊಸರು! ನಾಲ್ಕೇ ನಾಲ್ಕು ಮಾರ್ಕು. ಬಾಯಿಬಿಟ್ಟು ಕೇಳಿದ್ರೆ ಹಾಕ್ತಾರೆ."

"ಕೇಳಿದ ತಕ್ಷಣ ಹಾಕೋಕೆ ಅದೇನು ನಿಮ್ಮ ಹಣ್ಣಿನಂಗಡಿನಾ? ಐವತ್ತೈದು ಅಂದ್ರೆ ಐವತ್ತೈದು. ಮುಳ್ಳು ಅಲ್ಲಿ ನಿಲ್ಲಬೇಕು."

"ನಿನ್ನ ಹತ್ರ ದೇವರೇ ಹಣ್ಣು ಕೊಳ್ಳೋಕೆ ಬಂದ್ರೂ ಬರಿಗೈಲಿ ಹೋಗ್ತಾನೆ."

"ಬರಿಗೈಲಿ ಯಾಕೆ, ತೂಕಕ್ಕೆ ಸರಿಯಾಗಿ ತಗೊಂಡು ಹೋಗ್ತಾನೆ. ಅದಿರಲಿ, ಸಂಜೆ ಅಂಗಡೀಲಿ ಕೂರೋರು ಯಾರು? ಅಡುಗೆ ಯಾರದು? ಈ ಮಗೂಗೆ ಪಾಠ ಹೇಳೋರು ಯಾರು?"

ಏಳು ವರ್ಷದ ಮೊಮ್ಮಗಳನ್ನು ಮನೆಯಲ್ಲಿ ಎಲ್ಲರೂ 'ಚಿಟ್ಟೆ' ಎನ್ನುತ್ತಾರೆ. ಎರಡು ನಿಮಿಷ ಒಂದು ಕಡೆ ಕೂತದ್ದನ್ನು ಯಾರೂ ಕಂಡಿಲ್ಲ. "ನನಗೆ ಪಾಠ ಬೇಡ" ಎಂದು ಅವಳು ತಕ್ಷಣ ಒಪ್ಪಿಗೆ ಕೊಟ್ಟುಬಿಟ್ಟಳು.

ಆ ವಾರವಿಡೀ ಮನೆಯಲ್ಲಿ ಬೇರೆ ಮಾತಿಲ್ಲ. ಸೊಸೆ ಪಾತ್ರೆ ತೊಳೆಯುತ್ತಲೇ ಮರೆತ ಸೂತ್ರಗಳನ್ನು ಬಾಯಿಪಾಠ ಮಾಡಿದಳು. ಮೆಕ್ಯಾನಿಕ್ಕು ಹೆಂಡತಿಯ ಹಳೆಯ ಪುಸ್ತಕಗಳನ್ನು ಅಟ್ಟದಿಂದಿಳಿಸಿ, ಸೀನುತ್ತ ಧೂಳು ಹೊಡೆದ. ಅತ್ತೆ ಮಾತ್ರ "ಮಾಡಿ, ಮಾಡಿ" ಎಂದು ಮೂಗು ಮುರಿಯುತ್ತ ಓಡಾಡಿದರು. ಅರ್ಜಿ ಕೊಡುವ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ನೀವ್ಯಾಕೆ ಮಾವ, ಬಿಸಿಲಲ್ಲಿ?"

"ನಿನಗೆ ಕೇಳೋಕೆ ಬರಲ್ಲ. ನಾನು ಕೇಳ್ತೀನಿ, ಬಾ."

ಮಾವನ ಕೈಯಲ್ಲಿ ಒಂದು ಚೀಲವಿತ್ತು. ಅವರು ಯಾರ ಮನೆಗೂ ಬರಿಗೈಯಲ್ಲಿ ಹೋದವರಲ್ಲ, ಆದ್ದರಿಂದ ಸೊಸೆ ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಅಲ್ಲೇ ಎಡವಟ್ಟಾಯಿತು.

ವಿಭಾಗದ ಮುಖ್ಯಸ್ಥೆ ನೆರೆತ ಕೂದಲಿನ, ಕಡಿಮೆ ಮಾತಿನ ಹೆಂಗಸು. ಅರ್ಜಿ ಓದಿದರು, ಡೈರಿಯ ಅನುಭವ ಪತ್ರ ಓದಿದರು, ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಮಾವ ಮುಂದೆ ಬಂದು ಚೀಲವನ್ನು ಮೇಜಿನ ಮೇಲಿಟ್ಟು ಹಲ್ಲು ಕಿರಿದರು. "ಒಳ್ಳೆ ಕಿತ್ತಳೆ ಮೇಡಂ, ಎರಡು ಕಿಲೋ. ನಾಲ್ಕೇ ಮಾರ್ಕು, ಒಂಚೂರು ಕೊಸರು ಹಾಕಿಬಿಡಿ."

ಮುಖ್ಯಸ್ಥೆ ಕೈಯಲ್ಲಿದ್ದ ಅರ್ಜಿಯನ್ನು ಕೆಳಗಿಟ್ಟರು.

"ಏನಿದು? ಲಂಚ ತಂದಿದ್ದೀರಾ?"

"ಅಯ್ಯೋ ಇಲ್ಲ ಮೇಡಂ, ಹಣ್ಣು!"

"ಮೇಡಂ, ಅವರು ಹಾಗಲ್ಲ, ಎಲ್ಲಿ ಹೋದರೂ..." ಎಂದು ಸೊಸೆ ಶುರುಮಾಡಿದಳು. ಮುಖ್ಯಸ್ಥೆ ಅರ್ಜಿಯನ್ನು ಇತರ ಅರ್ಜಿಗಳ ಜೊತೆ ಸೇರಿಸದೆ, ಮೇಜಿನ ಇನ್ನೊಂದು ಮೂಲೆಗೆ ಸರಿಸಿಟ್ಟರು. "ನೀವಿನ್ನು ಹೊರಡಿ" ಎಂದರು. ಗಾಬರಿಯಲ್ಲಿ ಹೊರಬಂದ ಇಬ್ಬರಿಗೂ ಚೀಲದ ನೆನಪಾದದ್ದು ಬಸ್ಸು ಹತ್ತಿದ ಮೇಲೆ.

ಮನೆಗೆ ಬಂದ ಸೊಸೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಮಾವ ಗೋಡೆಗೊರಗಿ ಬೆಪ್ಪಾಗಿ ಕೂತರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮೆಕ್ಯಾನಿಕ್ಕು ಒಮ್ಮೆ ಬಚ್ಚಲ ಬಾಗಿಲಿಗೆ, ಒಮ್ಮೆ ಅಪ್ಪನ ಹತ್ತಿರಕ್ಕೆ ಓಡಾಡಿದನೇ ಹೊರತು ಎಲ್ಲೂ ಏನೂ ರಿಪೇರಿ ಆಗಲಿಲ್ಲ.

"ಅಪ್ಪ, ಹಣ್ಣು ಯಾಕೆ ತಗೊಂಡು ಹೋದ್ರಿ?"

"ಬರಿಗೈಲಿ ಹೋಗೋಕೆ ಆಗುತ್ತೇನೋ?"

"ಅವಳ ಜೀವನ ಕಣಪ್ಪ ಅದು!"

"ನನಗೆ ಗೊತ್ತಿಲ್ವಾ? ನನ್ನ ಕೈ ನಾನೇ ಕಡ್ಕೊಳ್ಳೋ ಹಾಗಾಗಿದೆ, ನೀನೂ ಬಂದು ಕುಟುಕಬೇಡ."

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಗಂಡನ ತಟ್ಟೆಯನ್ನು ಮುಚ್ಚಿಟ್ಟರು. ಬೈಯಲಿಲ್ಲ, ಅದೇ ಎಲ್ಲರಿಗೂ ಭಯ ಹುಟ್ಟಿಸಿತು. ಬೆಳಿಗ್ಗೆ ಅಂಗಡಿಯ ಕೀಲಿ ಗಂಡನ ಕೈಗೆ ಹಾಕಿ, ಕೈತಕ್ಕಡಿ, ತೂಕದ ಕಲ್ಲುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು, "ರಜಾ ಹಾಕು, ನಡಿ" ಎಂದು ಸೊಸೆಯನ್ನು ಎಬ್ಬಿಸಿಕೊಂಡು ಹೊರಟರು.

"ಅತ್ತೆ, ಬೇಡ. ಇನ್ನೂ ಕೆಡುತ್ತೆ."

"ಕೆಡೋಕೆ ಇನ್ನೇನು ಉಳಿದಿದೆ? ನಮ್ಮ ಮಾಲು ಅಲ್ಲಿದೆ. ತರಬೇಕು."

ಮುಖ್ಯಸ್ಥೆಯ ಕೋಣೆಯಲ್ಲಿ ಚೀಲ ಕಪಾಟಿನ ಪಕ್ಕದಲ್ಲಿತ್ತು. ಅತ್ತೆ ಕೈಮುಗಿದು, "ನಿನ್ನೆ ನಮ್ಮ ಮನೆಯವರು ಬಿಟ್ಟುಹೋಗಿದ್ದರು, ವಾಪಸ್ ತಗೊಂಡು ಹೋಗೋಕೆ ಬಂದೆ" ಎಂದರು. ತಕ್ಕಡಿ ತೆಗೆದು, ಎತ್ತಿ ಹಿಡಿದು, ಚೀಲದ ಹಣ್ಣನ್ನು ಅಲ್ಲೇ ತೂಗಿದರು. ಸೊಸೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಮೇಡಂ, ಎರಡು ಕಿಲೋ ಬಂದಿತ್ತು. ಅರ್ಧ ಕಿಲೋ ಕಮ್ಮಿ ಇದೆ."

ಬಾಗಿಲ ಬಳಿ ಕೂತಿದ್ದ ಗುಮಾಸ್ತ ಸುಮ್ಮನೆ ಒಂದು ಫೈಲು ಬಿಡಿಸಿ ಮುಖಕ್ಕೆ ಹಿಡಿದ. ಅವನ ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿ ಸಿಪ್ಪೆ ಎದ್ದು ಕಾಣುತ್ತಿತ್ತು. ಮುಖ್ಯಸ್ಥೆಯ ಕೆನ್ನೆ ಕೆಂಪಾಯಿತು. "ರೀ, ನೀವು..." ಎಂದವರು ಅಲ್ಲಿಗೇ ನಿಲ್ಲಿಸಿ, "ಒಂದು ನಾನೂ ತಿಂದೆ" ಎಂದರು.

"ತಿನ್ನಲಿ ಬಿಡಿ, ತಿನ್ನೋ ವಸ್ತು. ತಿಂದಿದ್ದಕ್ಕೆ ದುಡ್ಡು ಕೊಟ್ಟುಬಿಡಿ. ಆಗ ಅದು ಲಂಚ ಅಲ್ಲ, ವ್ಯಾಪಾರ. ನಿಮಗೂ ಮಾತಿಲ್ಲ, ನಮಗೂ ಮಾತಿಲ್ಲ."

ಮುಖ್ಯಸ್ಥೆ ಕೈಚೀಲ ತೆಗೆದರು. ಹಣ್ಣು ರುಚಿಯಾಗಿತ್ತು ಅಂತ ಕಾಣುತ್ತದೆ. "ಉಳಿದಿದ್ದೂ ಕೊಟ್ಟುಬಿಡಿ, ಮನೆಗೆ ಒಯ್ತೀನಿ" ಎಂದು ದುಡ್ಡು ಕೊಟ್ಟು, ಸಂತೆಯಲ್ಲಿ ನಿಂತವರ ಹಾಗೆ ಅಭ್ಯಾಸಬಲದಿಂದ, "ಒಂದು ಕೊಸರು ಹಾಕಮ್ಮ" ಎಂದುಬಿಟ್ಟರು.

ಗುಮಾಸ್ತನ ಫೈಲು ಅಲುಗಾಡತೊಡಗಿತು. ತಾನೇನು ಅಂದೆ ಎಂದು ಮುಖ್ಯಸ್ಥೆಗೂ ಹೊಳೆಯಿತು.

"ಕೊಸರು ಇಲ್ಲಮ್ಮ" ಎಂದರು ಅತ್ತೆ, ತಕ್ಕಡಿ ಮಡಚುತ್ತ. "ನಾನು ಯಾರಿಗೂ ಹಾಕಲ್ಲ, ಯಾರನ್ನೂ ಕೇಳಲ್ಲ. ನನ್ನ ಸೊಸೆಗೂ ಕೇಳ್ತಿಲ್ಲ. ಆದರೆ ತೂಗದೇನೇ ಪಕ್ಕಕ್ಕಿಟ್ಟಿದ್ದೀರಲ್ಲ, ಅದು ಯಾವ ನ್ಯಾಯ? ತೂಗಿ ನೋಡಿ."

"ಕಮ್ಮಿ ಬಂದ್ರೆ?"

"ಕಮ್ಮಿ ಬಂದ್ರೆ ಮನೆಗೆ ಕಳಿಸಿ. ನಾನು ತುಟಿ ಬಿಚ್ಚಿದ್ರೆ ಕೇಳಿ."

ಮುಖ್ಯಸ್ಥೆ ನಕ್ಕುಬಿಟ್ಟರು. ಮೂಲೆಯಲ್ಲಿದ್ದ ಅರ್ಜಿಯನ್ನು ಎಳೆದು ಇತರ ಅರ್ಜಿಗಳ ಮೇಲಿಟ್ಟು, "ಲಿಖಿತ ಪರೀಕ್ಷೆ ಇದೆ, ಸಂದರ್ಶನ ಇದೆ. ಓದ್ಕೊಂಡು ಬಾ" ಎಂದರು ಸೊಸೆಗೆ. ವಾಪಸಾಗುವಾಗ ಬಸ್ಸಿನಲ್ಲಿ ಸೊಸೆಗೆ ಅತ್ತೆಯನ್ನು ತಬ್ಬಿಕೊಳ್ಳುವಷ್ಟು ಖುಷಿಯಾಗಿತ್ತು. ಅತ್ತೆ ಕಿಟಕಿಯ ಕಡೆ ತಿರುಗಿ ಕೂತಿದ್ದರಿಂದ ಅದಕ್ಕೆ ಅವಕಾಶವಾಗಲಿಲ್ಲ.

ಮಾವ ಅಂದು ಎರಡು ಸಲ ಬಡಿಸಿಕೊಂಡು ಉಂಡರು.

ಪರೀಕ್ಷೆ ಸುಮಾರಾಗಿ ಆಯಿತು. ಸಂದರ್ಶನದ ದಿನ ಸೊಸೆ ಮನೆಗೆ ಹಾರಿಕೊಂಡೇ ಬಂದಳು, ಚಪ್ಪಲಿ ಒಂದು ಇಲ್ಲಿ, ಒಂದು ಅಲ್ಲಿ. ಅತ್ತೆ ಆಲೂಗಡ್ಡೆ ಹೆಚ್ಚುತ್ತಿದ್ದರು, ಮೆಕ್ಯಾನಿಕ್ಕು ಆಗಷ್ಟೇ ಡಿಪೋದಿಂದ ಬಂದು ಕೈಯ ಗ್ರೀಸು ಉಜ್ಜುತ್ತಿದ್ದ, ಮಾವ ಚಿಟ್ಟೆಯನ್ನು ಹಿಡಿದು ಕೂರಿಸಲು ನೋಡುತ್ತಿದ್ದರು.

"ಮೂರು ಜನ ಕೂತಿದ್ರು. ಡೈರಿ ಬಗ್ಗೆ ಕೇಳಿದ್ರು, ಹೇಳಿದೆ. ಒಂದಷ್ಟು ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ. ಆಮೇಲೆ ಮೇಡಂ ಕೇಳಿದ್ರು, ಮೊದಲೆರಡು ವರ್ಷ ಚೆನ್ನಾಗೇ ಮಾಡಿದ್ದೀಯ, ಕೊನೇ ವರ್ಷ ಯಾಕೆ ಹೀಗೆ ಬಿದ್ದುಹೋಯ್ತು ಅಂತ."

"ಹುಷಾರಿರಲಿಲ್ಲ ಅಂದ್ಯಾ?" ಎಂದರು ಮಾವ.

"ಇಲ್ಲ ಮಾವ, ನಿಜ ಹೇಳಿದೆ. ಸಿನಿಮಾ ನೋಡ್ತಿದ್ದೆ ಅಂದೆ."

ಮೆಕ್ಯಾನಿಕ್ಕಿನ ಕೈ ನಿಂತಿತು.

"ಒಬ್ಬಳೇನಾ ಅಂತ ಕೇಳಿದ್ರು. ಇಲ್ಲ, ಒಬ್ಬರು ಬೈಕಲ್ಲಿ ಬಂದು ಕಾಲೇಜಿನ ಗೇಟಲ್ಲಿ ನಿಲ್ತಿದ್ರು, ಈಗ ಅವರೇ ನನ್ನ ಗಂಡ ಅಂದೆ. ಮೂರೂ ಜನ ಬಿದ್ದು ಬಿದ್ದು ನಕ್ಕರು!"

ಅವಳು ನಗುತ್ತಲೇ ಇದ್ದಳು. ಮನೆಯಲ್ಲಿ ಬೇರೆ ಯಾರೂ ನಗುತ್ತಿಲ್ಲವೆಂದು ಆಮೇಲೆ ಗೊತ್ತಾಯಿತು. ಅತ್ತೆ ಚಾಕು ಕೆಳಗಿಟ್ಟು ಮಗನ ಕಡೆ ತಿರುಗಿದರು.

"ಆ ವರ್ಷವೆಲ್ಲ ಡಿಪೋದಲ್ಲಿ ಓವರ್‌ಟೈಮ್ ಅಂತಿದ್ಯಲ್ಲೋ?"

"ಅದು... ಕೆಲವು ದಿನ ಇತ್ತಮ್ಮ."

"ಪಾಪ, ಮಗ ದುಡಿದು ಸಾಯ್ತಿದ್ದಾನೆ ಅಂತ ದಿನಾ ನಿನಗೆ ಒಂದು ಮೊಟ್ಟೆ ಜಾಸ್ತಿ ಹಾಕ್ತಿದ್ದೆ ನಾನು!"

"ಅಜ್ಜಿ, ಅದು ಕೊಸರು" ಎಂದಳು ಚಿಟ್ಟೆ. ಮಾವ ಅವಳ ಬಾಯಿ ಮುಚ್ಚಿದರು, ಆದರೆ ಅವರಿಗೇ ನಗು ತಡೆಯಲಾಗಲಿಲ್ಲ.

"ಈ ಹುಡುಗಿ ದಡ್ಡಿ ಅಂತ ನಾನು ಇಷ್ಟು ದಿನ ತಿಳ್ಕೊಂಡಿದ್ದೆ" ಎಂದರು ಅತ್ತೆ. ಅವರ ದನಿ ಒಂದು ಕ್ಷಣ ಒದ್ದೆಯಾಯಿತು. ತಕ್ಷಣ ಸರಿಪಡಿಸಿಕೊಂಡು ಚಾಕುವನ್ನು ಮಗನ ಕಡೆ ಚಾಚಿದರು. "ಅವಳ ನಾಲ್ಕು ಮಾರ್ಕು ತಿಂದವನು ನೀನು. ಬಾ ಇಲ್ಲಿ. ಇವತ್ತಿಂದ ಅಡುಗೆ ನಿಂದು. ಸೀಟು ಸಿಗಲಿ ಬಿಡಲಿ, ನಿಂದೇ."

ಅಲ್ಲಿಂದ ಶುರುವಾದ ವಾರಗಳನ್ನು ಆ ಮನೆಯವರು ಇಂದಿಗೂ ನೆನೆಸಿಕೊಂಡು ನಗುತ್ತಾರೆ. ಮೆಕ್ಯಾನಿಕ್ಕು ಕುಕ್ಕರಿನ ಮುಚ್ಚಳವನ್ನು ಬಸ್ಸಿನ ಚಕ್ರದ ಹಾಗೆ ಬಿಗಿದ, ಬಿಚ್ಚಲು ಅವನೇ ಬರಬೇಕಾಯಿತು. ಅನ್ನ ಒಂದು ದಿನ ಅಂಟು, ಒಂದು ದಿನ ಕಲ್ಲು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆತು ಮತ್ತೆ ಹಾಕುತ್ತಿದ್ದ. ಮಾವ ಬ್ರೆಡ್ಡು ತಂದಿಟ್ಟುಕೊಂಡು ಕದ್ದು ತಿನ್ನುತ್ತಿದ್ದರು. ಅತ್ತೆ ಮಾತ್ರ ಮಗ ಮಾಡಿದ್ದನ್ನು ಮುಖ ಕಿವಿಚದೆ ಉಣ್ಣುತ್ತಿದ್ದರು. ಬಹುಶಃ ಅದೇ ಅವನಿಗೆ ಕೊಟ್ಟ ಶಿಕ್ಷೆ.

ಆಯ್ಕೆಯಾದವರ ಹೆಸರು ಕಾಲೇಜಿನ ಗೋಡೆಯ ಮೇಲೆ ಬಂತು. ಅದರಲ್ಲಿ ಸೊಸೆ ಇರಲಿಲ್ಲ. ಕೆಳಗೆ, ಯಾರಾದರೂ ಬಿಟ್ಟುಹೋದರೆ ಕರೆಯಬೇಕಾದವರಲ್ಲಿ ಮೊದಲನೆಯವಳಾಗಿದ್ದಳು.

"ಅಂದ್ರೆ ಹೆಚ್ಚುಕಮ್ಮಿ ಸಿಕ್ಕ ಹಾಗೇನೇ!" ಎಂದರು ಮಾವ.

"ಅಂದ್ರೆ ಸಿಗಲಿಲ್ಲ" ಎಂದರು ಅತ್ತೆ. ಆದರೆ ಆ ಸಂಜೆ ಸೊಸೆ ಎಂದಿನಂತೆ ಅಂಗಡಿಗೆ ಬಂದಾಗ, "ನೀನು ಹೋಗಿ ಓದ್ಕೋ, ನಾನಿದ್ದೀನಿ" ಎಂದು ಎಬ್ಬಿಸಿ ಕಳಿಸಿದರು. ಸೊಸೆಗೆ ಓದಲು ಏನೂ ಇರಲಿಲ್ಲ. ಮನೆಗೆ ಹೋಗಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಳು. ಕರೆ ಬರುತ್ತದೆ ಎಂಬ ಆಸೆ ದಿನದಿನಕ್ಕೆ ಕರಗಿತು. ಸೇರಿಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಅವಳು ಯಾರ ಮುಖವನ್ನೂ ನೋಡದೆ ಡೈರಿಗೆ ಹೊರಟಳು.

ಆ ದಿನ ಮಧ್ಯಾಹ್ನ ಸಮೀಪಿಸುವಾಗ ಅಂಗಡಿಯ ಫೋನು ಹೊಡೆದುಕೊಂಡಿತು. ಡೈರಿಯಲ್ಲಿ ಕೆಲಸದ ಹೊತ್ತಿಗೆ ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕಾದ್ದರಿಂದ, ಸೊಸೆ ಅರ್ಜಿಯಲ್ಲಿ ಅಂಗಡಿಯ ನಂಬರನ್ನೇ ಬರೆದಿದ್ದಳು. ಮಾವ ಸಗಟು ಮಾರುಕಟ್ಟೆಗೆ ಹೋಗಿದ್ದರು. ಅತ್ತೆಯೆದುರು ಗಿರಾಕಿಗಳ ಸಾಲು.

"ಸೇಬು ಇದೆ, ದ್ರಾಕ್ಷಿ ನಾಳೆ ಬರುತ್ತೆ" ಎಂದರು ಅತ್ತೆ ಫೋನಿಗೆ.

"ಹಣ್ಣಲ್ಲಮ್ಮ, ಕಾಲೇಜಿಂದ. ಒಬ್ಬರು ಸೀಟು ಬಿಟ್ಟಿದ್ದಾರೆ. ನಿಮ್ಮ ಸೊಸೆ ಎರಡು ಗಂಟೆಯೊಳಗೆ ಬಂದು ಸೇರ್ಕೋಬೇಕು, ಇಲ್ಲ ಅಂದ್ರೆ ಮುಂದಿನವರಿಗೆ ಹೋಗುತ್ತೆ. ಇನ್ನೊಂದು ಮಾತು..."

ಇನ್ನೊಂದು ಮಾತನ್ನು ಕೇಳಲು ಅತ್ತೆ ಅಲ್ಲಿರಲಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದರು. ಡೈರಿಯ ಗೇಟಿನಲ್ಲಿ ಕಾವಲುಗಾರ, ಪಾಸ್ ಇಲ್ಲದೆ ಬಿಡುವುದಿಲ್ಲ ಎಂದ. ಒಳಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಅತ್ತೆ ಗೋಡೆಯ ಪಕ್ಕಕ್ಕೆ ನಡೆದರು, ಸೊಂಟಕ್ಕೆ ಕೈಕೊಟ್ಟು ನಿಂತರು. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಹಣ್ಣು ಕೂಗಿದ ಕಾಲದ ಗಂಟಲು ಅದು, ಅಂಗಡಿ ಬಂದ ಮೇಲೆ ಸುಮ್ಮನಿತ್ತು.

"ಏ ಹುಡುಗೀ! ಎಂ.ಎಸ್ಸಿ. ಸಿಕ್ತು ಕಣೇ! ಹೊರಗೆ ಬಾರೇ!"

ಎಲ್ಲ ಕಿಟಕಿಗಳಲ್ಲೂ ತಲೆಗಳು ಕಂಡವು. ಬಿಳಿ ಕೋಟು ತೊಟ್ಟ ಸೊಸೆ ಮೆಟ್ಟಿಲು ಇಳಿದು ಬಂದ ವೇಗಕ್ಕೆ ಕಾವಲುಗಾರ ತಾನಾಗಿಯೇ ಗೇಟು ತೆರೆದ. ಯಾರೋ ಹೊರಡುತ್ತಿದ್ದ ಹಾಲಿನ ವ್ಯಾನನ್ನು ನಿಲ್ಲಿಸಿದರು. ಇಬ್ಬರೂ ಚಾಲಕನ ಪಕ್ಕ ಒತ್ತಿಕೊಂಡು ಕೂತರು. ಸೊಸೆ ದಾರಿಯುದ್ದಕ್ಕೂ "ನಿಜಾನಾ ಅತ್ತೆ? ನಿಜಾನಾ?" ಎನ್ನುತ್ತಿದ್ದಳು. "ಸುಳ್ಳು ಹೇಳೋಕೆ ಇಷ್ಟು ದೂರ ಬರ್ತೀನಾ? ಅಪ್ಪಾ, ನೀನು ಹಾಲು ಚೆಲ್ಲಿದ್ರೂ ಪರವಾಗಿಲ್ಲ, ಜೋರಾಗಿ ಓಡಿಸು" ಎಂದರು ಅತ್ತೆ.

ಗುಮಾಸ್ತ ಅತ್ತೆಯನ್ನು ಕಂಡದ್ದೇ ಎದ್ದು ನಿಂತ. "ಮಾತು ಮುಗಿಯೋ ಮುಂಚೆ ಎಲ್ಲಿ ಹೋದ್ರಿ? ಒಂದು ಷರತ್ತು ಇದೆ. ಮಾರ್ಕು ಕಮ್ಮಿ ಇದ್ದು ಬಂದವರು ಮೊದಲ ಪರೀಕ್ಷೇಲಿ ಅರವತ್ತು ತೆಗೀಲೇಬೇಕು. ಇಲ್ಲ ಅಂದ್ರೆ ಸೀಟು ಹೋಗುತ್ತೆ."

"ತೆಗೀತೀನಿ" ಎಂದಳು ಸೊಸೆ.

"ಐವತ್ತೊಂಬತ್ತು ಬಂದ್ರೂ ನೀವು ಹೇಳಿ ಕಳಿಸಿ" ಎಂದರು ಅತ್ತೆ. "ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಎಲ್ಲ ಮುಗಿಸಿ ಹೊರಬಂದ ಅತ್ತೆ ಕಾಲೇಜಿನ ಮೆಟ್ಟಿಲ ಮೇಲೆ ಕೂತರು. ಸೊಸೆ ಪಕ್ಕದಲ್ಲಿ ಕೂತು, ಕೇಳದೆ, ಹೇಳದೆ, ಅವರ ಭುಜಕ್ಕೆ ತಲೆಯಿಟ್ಟು ಅತ್ತಳು, ನಕ್ಕಳು. ಅತ್ತೆ ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೊಸೆಗೆ ಏನೋ ನೆನಪಾಗಿ ನೆಟ್ಟಗೆ ಕೂತಳು.

"ಅತ್ತೆ, ಮಾವ ಮಾರುಕಟ್ಟೆಗೆ ಹೋಗಿದ್ರಲ್ವಾ? ಅಂಗಡೀಲಿ ಯಾರಿದ್ದಾರೆ?"

ಅತ್ತೆ ಯೋಚಿಸಿದರು. "ಯಾರೋ ಒಬ್ಬಳು ಸೇಬು ಆರಿಸ್ತಾ ನಿಂತಿದ್ಲು. ಗಲ್ಲಾಪೆಟ್ಟಿಗೆ ಹತ್ರ ಕೂರಿಸಿ ಬಂದೆ, ಬರೋವರೆಗೂ ನೋಡ್ಕೋ ಅಂತ."

"ಯಾರು?"

"ಯಾರಿಗೆ ಗೊತ್ತು? ಮುಖಾನೇ ನೋಡಲಿಲ್ಲ."